ಕಾರಿನ ಬಾಗಿಲು ಐಸಿಗೆ ಕಚ್ಚಿಕೊಂಡಿದೆಯಾ? ಎಳೆಯಬೇಡಿ, ಒತ್ತಿ

ಮಿನ್ನೆಸೋಟಾಕ್ಕೆ ಹೊಸದಾಗಿ ಬಂದು, ಗರಾಜ್ ಇಲ್ಲದೆ ಬಯಲಲ್ಲಿ ಕಾರು ನಿಲ್ಲಿಸುವ ನಮ್ಮವರಿಗೆ ಇದು. ಇಲ್ಲಿ ಜನವರಿಯ ಬೆಳಿಗ್ಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಂದರೆ ಯಾರೂ ಆಶ್ಚರ್ಯಪಡುವುದಿಲ್ಲ.

ಮೊದಲು ಬಾಗಿಲು. ನನ್ನ ಮೊದಲ ಚಳಿಗಾಲದಲ್ಲಿ ಆಫೀಸಿಗೆ ತಡವಾಯಿತು ಅಂತ ಹಿಡಿ ಹಿಡಿದು ಜೋರಾಗಿ ಜಗ್ಗಿದೆ, ಅದು ಟಕ್ ಅಂತ ಮುರಿದು ಕೈಗೇ ಬಂತು. ಅಂಟಿಕೊಂಡಿರುವುದು ಹಿಡಿಯಲ್ಲ, ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್. ಅಲ್ಲಿ ಇಳಿದ ನೀರು ರಾತ್ರಿ ಗಟ್ಟಿಯಾಗಿ ರಬ್ಬರನ್ನು ಲೋಹಕ್ಕೆ ಕಚ್ಚಿಸಿಬಿಡುತ್ತದೆ. ಅದಕ್ಕೇ ಒಳಕ್ಕೆ ಒತ್ತಬೇಕು. ಭುಜ ಆನಿಸಿ, ಅಂಚಿನುದ್ದಕ್ಕೂ ಅಲ್ಲಲ್ಲಿ ಮೈಭಾರ ಹಾಕಿ. ಸಣ್ಣಗೆ ಚಟಚಟ ಅನ್ನುತ್ತದೆ, ಅದು ಐಸು ಬಿರಿಯುವ ಸದ್ದು. ಆಮೇಲೆ ಮೆಲ್ಲಗೆ ಎಳೆಯಿರಿ. ಬರಲಿಲ್ಲವಾ, ಬೇರೆ ಬಾಗಿಲು ನೋಡಿ, ಬಿಸಿಲು ಬಿದ್ದ ಕಡೆಯದು ಬೇಗ ಬಿಡುತ್ತದೆ.

ಎಂಜಿನ್ ಶುರು ಮಾಡುವ ಮೊದಲು ಸೈಲೆನ್ಸರ್ ಪೈಪಿನ ಬಾಯಿ ನೋಡಿ. ಸ್ನೋ ಮುಚ್ಚಿಕೊಂಡಿದ್ದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೇ ಸೇರಬಹುದು. ಅದಕ್ಕೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಮಕ್ಕಳನ್ನು ಬೆಚ್ಚಗೆ ಒಳಗೆ ಕೂರಿಸಿ ಹೊರಗೆ ಗಾಜು ಕೆರೆಯುವ ಅಪ್ಪ ಅಮ್ಮಂದಿರೇ, ದಯವಿಟ್ಟು ಇದೊಂದನ್ನು ಮರೆಯಬೇಡಿ.

ಇನ್ನು ಗಾಜು. ಒಂದು ಚೊಂಬು ಬಿಸಿನೀರು ಸುರಿದರೆ ಆಯಿತಲ್ವಾ ಅನಿಸುತ್ತದೆ. ಬೇಡ. ತಣ್ಣಗಿರುವ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಹಾಕಿದರೆ ಸೀಳುತ್ತದಲ್ಲ, ಇದೂ ಹಾಗೆಯೇ, ಮೇಲಾಗಿ ಕೆಳಗೆ ಹರಿದ ನೀರು ಬಾಗಿಲ ಸಂದಿಯಲ್ಲಿ ಮತ್ತೆ ಐಸಾಗುತ್ತದೆ. ಗಾಜಿಗೆ ಬಿಸಿಗಾಳಿ ಊದುವ ಡಿಫ್ರಾಸ್ಟ್ ಹಾಕಿ, ಒಳಗಿನ ಗಾಳಿಯನ್ನೇ ಮತ್ತೆ ತಿರುಗಿಸುವ ರೀಸರ್ಕ್ಯುಲೇಶನ್ ಆಫ್ ಮಾಡಿ, ಹೊರಗಿನ ಒಣಗಾಳಿ ಒಳಗಿನ ತೇವವನ್ನೂ ತೆಗೆಯುತ್ತದೆ. ಅಷ್ಟರಲ್ಲಿ ಹೊರಗಿನಿಂದ ಸ್ಪ್ರೇ ಹೊಡೆಯಿರಿ: ಔಷಧಿ ಅಂಗಡಿಯಲ್ಲಿ ಸಿಗುವ 70 ಶೇಕಡಾ ರಬ್ಬಿಂಗ್ ಆಲ್ಕೋಹಾಲ್ ಎರಡು ಪಾಲು, ನೀರು ಒಂದು ಪಾಲು. ಒಂದೆರಡು ನಿಮಿಷ ಬಿಟ್ಟು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದರೆ ಐಸು ಒದ್ದೆ ಸಕ್ಕರೆಯ ಹಾಗೆ ಜಾರಿ ಬರುತ್ತದೆ. ಎದುರು ಕಾಣುವಷ್ಟು ಕಿಂಡಿ ಮಾಡಿಕೊಂಡು ಹೊರಡಬೇಡಿ, ಎಲ್ಲಾ ಗಾಜೂ ಪೂರ್ತಿ ಕೆರೆಯಿರಿ, ಮಾಡಿನ ಮೇಲಿನ ಸ್ನೋ ಕೂಡ ತೆಗೆಯಿರಿ, ಬ್ರೇಕ್ ಹಾಕಿದಾಗ ಅದು ಮುಂದಿನ ಗಾಜಿನ ಮೇಲೇ ಜಾರುತ್ತದೆ.

ಪವರ್ ವಿಂಡೋ ಅಂಟಿಕೊಂಡಿದ್ದರೆ ಸ್ವಿಚ್ಚನ್ನು ಸುಮ್ನೆ ಒತ್ತುತ್ತಾ ಇರಬೇಡಿ, ಒಳಗೆ ಗಾಜು ಎತ್ತುವ ಭಾಗ ಮುರಿಯಬಹುದು. ವೈಪರ್ ಕೂಡ ಅಷ್ಟೇ. ರಾತ್ರಿ ಎಂಜಿನ್ ಆರಿಸುವ ಮೊದಲು ವೈಪರ್ ಆಫ್ ಆಗಿದೆಯಾ ನೋಡಿ.

ವಾರಕ್ಕೊಮ್ಮೆ, ಕಾರು ತೊಳೆಸಿದ ದಿನವಂತೂ ತಪ್ಪದೆ, ಬೀಡಿಂಗನ್ನು ಒಣಬಟ್ಟೆಯಲ್ಲಿ ಒರೆಸಿ. ಚಳಿ ಶುರುವಾಗುವ ಮೊದಲೇ ಬಟ್ಟೆಗೆ ಸಿಲಿಕೋನ್ ಸ್ಪ್ರೇ ಹೊಡೆದು ಬೀಡಿಂಗಿಗೆ ಸವರಿಬಿಡಿ. ಊರಿಂದ ತಂದ ಕೊಬ್ಬರಿ ಎಣ್ಣೆ ಬೇಡ, ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಗಾಜು ತೊಳೆಯುವ ವಾಷರ್ ನೀರನ್ನೂ ಬದಲಿಸಿ, ಡಬ್ಬಿಯ ಮೇಲೆ ಮೈನಸ್ 20 ಫ್ಯಾರನ್‌ಹೀಟ್ ಅಂತ ಇರುವುದನ್ನೇ ಕೊಳ್ಳಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 29.

ಸ್ಕ್ರೇಪರ್, ಸ್ಪ್ರೇ ಬಾಟಲಿ ಎರಡನ್ನೂ ಕಾರಿನಲ್ಲಿ ಇಡಬೇಡಿ. ಮನೆ ಬಾಗಿಲ ಹತ್ತಿರ, ಬೂಟಿನ ಪಕ್ಕದಲ್ಲಿ ಇಡಿ.