ಕರೆಂಟ್ ಕೊಡಿಸುವಾಗ ಎಂಜಲು ಒಣಗಿದರೆ: ಬಾಯಿ, ಹಲ್ಲು ಕಾಪಾಡಿಕೊಳ್ಳುವ ಕ್ರಮ

ಬಾಯಿ, ಗಂಟಲು ಕ್ಯಾನ್ಸರಿನ ರೇಡಿಯೇಷನ್ನಿಗೆ ದಾವಣಗೆರೆ ಕಡೆ ‘ಕರೆಂಟ್’ ಅಂತಲೇ ಹೇಳುವುದು. ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ ಆರೇಳು ವಾರ. ಅದು ಶುರುವಾಗುವ ಎರಡು ವಾರ ಮುಂಚೆಯೇ ಹಲ್ಲಿನ ಡಾಕ್ಟರಿಗೆ ತೋರಿಸಿ. ದಾವಣಗೆರೆಯಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ. ಉಳಿಯದ ಹಲ್ಲನ್ನು ಆಗಲೇ ಕೀಳಿಸಬೇಕು, ಗಾಯ ಮಾಯಲು ಅಷ್ಟು ದಿನ ಬೇಕೇ ಬೇಕು.

ಕಿವಿಯ ಮುಂದಿರುವ ಪರೋಟಿಡ್ ಗ್ರಂಥಿ ನೀರಾದ ಎಂಜಲು ಕೊಡುತ್ತದೆ. ಕಿರಣಕ್ಕೆ ಬೇಗ ಸೋಲುವುದೂ ಅದೇ. ಮೊದಲ ವಾರದಲ್ಲೇ ಎಂಜಲು ಇಳಿಯುತ್ತದೆ, ಉಳಿದದ್ದು ಅಂಟಾಗಿ ನೂಲಿನಂತೆ ಎಳೆಯುತ್ತದೆ. ಒಂದು ಬದಿಯ ಪರೋಟಿಡ್‌ಗಾದರೂ ಸರಾಸರಿ 26 ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಒಳಗೆ ಡೋಸ್ ಹಿಡಿದರೆ ಎಷ್ಟೋ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಹೊಂದಿಸುವ ಐಎಂಆರ್‌ಟಿ ವಿಧಾನದಲ್ಲಿ ಇದು ಸಾಧ್ಯವೇ ಎಂದು ಪ್ಲಾನ್ ಹಾಕುವ ಮೊದಲೇ ಕೇಳಿ. ಗೆಡ್ಡೆ ಅಲ್ಲೇ ಹತ್ತಿರ ಇದ್ದರೆ ಆಗದು, ಒತ್ತಾಯ ಬೇಡ.

ಬಾಯಿ ಮುಕ್ಕಳಿಸಲು: ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ. ಎಚ್ಚರವಿರುವಾಗ ಎರಡೆರಡು ಗಂಟೆಗೊಮ್ಮೆ, ಊಟವಾದ ಮೇಲೆ ತಪ್ಪದೆ ಮುಕ್ಕಳಿಸಿ ಉಗಿಯಿರಿ, ನುಂಗಬೇಡಿ. ದಿನಾ ಹೊಸದು ಮಾಡಿ. ಉರಿಯುವ ಆಲ್ಕೊಹಾಲ್ ಮೌತ್‌ವಾಶ್ ಬೇಡವೇ ಬೇಡ.

ಊಟದಲ್ಲಿ ಮುದ್ದೆಯ ಬಗ್ಗೆ ಎಚ್ಚರ. ಅಗಿಯದೆ ನುಂಗುವ ತುತ್ತು ಜಾರಲು ಎಂಜಲೇ ಬೇಕು, ಒಣ ಗಂಟಲಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅದೇ ರಾಗಿಯನ್ನು ತೆಳ್ಳಗೆ ಅಂಬಲಿ ಮಾಡಿ, ಹುಳಿಯಿಲ್ಲದ ಮಜ್ಜಿಗೆ ಬೆರೆಸಿ ಕೊಡಿ. ಮಂಡಕ್ಕಿ ಅಂಗುಳಕ್ಕೆ ಅಂಟುತ್ತದೆ, ಮಿರ್ಚಿಯಂತೂ ಬೆಂಕಿ. ಬಾಯಿ ಒಣಗಿತೆಂದು ಪೆಪ್ಪರ್‌ಮಿಂಟ್, ನಿಂಬೆಹಣ್ಣು ಚೀಪುವವರು ಬಹಳ ಮಂದಿ. ಎಂಜಲಿನ ಕಾವಲಿಲ್ಲದ ಹಲ್ಲನ್ನು ಸಕ್ಕರೆ, ಹುಳಿ ಎರಡೂ ತಿನ್ನುತ್ತವೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಆದೀತು. ಅಡಿಕೆ, ಗುಟ್ಕಾ, ಬೀಡಿ ಪೂರ್ತಿ ಬಿಡಲೇಬೇಕು.

ಹಲ್ಲು ಹಾಳಾಗುವುದು ವಸಡಿನ ಅಂಚಿನಲ್ಲಿ. ಮೊದಲು ಸುಣ್ಣ ಬಳಿದಂತೆ ಒಂದು ಬಿಳಿ ಗೆರೆ, ಆಮೇಲೆ ಕಂದು, ಕೊನೆಗೆ ಹಲ್ಲು ಬುಡದಲ್ಲೇ ಮುರಿಯುತ್ತದೆ. ತಡೆಯಲು 1.1% ಸೋಡಿಯಂ ಫ್ಲೋರೈಡ್ ಜೆಲ್ ಬರೆಸಿಕೊಳ್ಳಿ. ರಾತ್ರಿ ಹಲ್ಲುಜ್ಜಿ, ನಿಮ್ಮ ಹಲ್ಲಿನ ಅಳತೆಗೆ ಮಾಡಿಸಿದ ಟ್ರೇಯಲ್ಲಿ ತೆಳುವಾಗಿ ಹಚ್ಚಿ 5 ನಿಮಿಷ ಇಟ್ಟು ಉಗಿಯಿರಿ; ಅರ್ಧ ಗಂಟೆ ನೀರೂ ಬೇಡ. ಚಿತ್ರದುರ್ಗ, ಜಗಳೂರು ಕಡೆಯವರು ಫ್ಲೋರೈಡ್ ಎಂದರೆ ಹೆದರುತ್ತಾರೆ. ಬೋರ್ ನೀರಿನಿಂದ ಹಲ್ಲು ಕಂದಾಗಿದ್ದನ್ನು ನೋಡಿದವರು, ಆ ಹೆದರಿಕೆ ಸಹಜ. ಆದರೆ ಬೋರ್ ನೀರು ವರ್ಷಗಟ್ಟಲೆ ಹೊಟ್ಟೆಗೆ ಹೋಗುತ್ತದೆ, ಇದು ಹಲ್ಲಿನ ಮೇಲೆ ಕೆಲಸ ಮಾಡಿ ಹೊರಗೆ ಬೀಳುತ್ತದೆ. ಬಿಡಬೇಡಿ.

ಎಂಜಲು ಹೆಚ್ಚಿಸುವ ಪೈಲೊಕಾರ್ಪಿನ್ 5 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಮೂರು ಸಲ ಬರೆಯುವುದುಂಟು. ಗ್ರಂಥಿಯಲ್ಲಿ ಒಂದಿಷ್ಟು ಜೀವ ಉಳಿದಿದ್ದರೆ ಮಾತ್ರ ಫಲ. ಬೆವರು ಜಾಸ್ತಿ. ಉಬ್ಬಸ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ನಾಲಿಗೆ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೆ ಫಂಗಸ್ ಇರಬಹುದು, ತೋರಿಸಿ.

ಕರೆಂಟ್ ಮುಗಿದು ಐದು ವರ್ಷದ ಮೇಲೂ ಹಲ್ಲು ನೋವೆಂದು ಸಿಕ್ಕಿದಲ್ಲಿ ಕೀಳಿಸಬೇಡಿ. ಕಿರಣ ಬಿದ್ದ ದವಡೆಗೆ ರಕ್ತ ಸಾಲದು, ಕಿತ್ತ ಗಾಯ ಮಾಯದೆ ಮೂಳೆಯೇ ಸತ್ತು ಹೊರಗೆ ಕಾಣಬಹುದು. ಕೆಳದವಡೆಗೆ ಈ ಅಪಾಯ ಹೆಚ್ಚು. ಯಾವ ಜಾಗಕ್ಕೆ ಎಷ್ಟು ಗ್ರೇ ಕೊಟ್ಟರು ಎಂಬ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಂಡು, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆಯುವ ಮುಂಚೆ ತೋರಿಸಿ.