ಉಚಿತ ಹಳೇ ಸಿನಿಮಾ ಚಾನೆಲ್ ಮುಚ್ಚಿಹೋದರೆ ಏನು ಮಾಡೋದು?

ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ, ಒಂದು ಕಪ್ಪು-ಬಿಳುಪು ಸಿನಿಮಾ ಹಾಕಿಕೊಂಡು ಕೂರೋಣ ಅಂತ ಚಾನೆಲ್ ತೆರೆದರೆ ಖಾಲಿ ಪರದೆ. ನಡುವೆ ಒಂದೇ ಸಾಲು, ಈ ಖಾತೆ ಮುಚ್ಚಲಾಗಿದೆ ಅಂತ. ನನಗೆ ಹೀಗಾದಾಗ ಮೂರು ದಿನ ಅದೇ ಹೆಸರನ್ನು ಬೇರೆ ಬೇರೆ ಸ್ಪೆಲಿಂಗ್‌ನಲ್ಲಿ ಹುಡುಕುತ್ತಾ ಕೂತೆ. ಸಿಕ್ಕಿದ್ದು ಎರಡು ನಕಲಿ ಚಾನೆಲ್. ಒಂದಂತೂ ಸಿನಿಮಾ ಶುರುವಾಗುವ ಮೊದಲೇ ಕಾರ್ಡ್ ನಂಬರ್ ಕೇಳಿತು. ಆ ಮೂರು ದಿನ ದಂಡ. ಚಾನೆಲ್ ಹೋದರೆ ಹೋಗಲಿ, ಅದರಲ್ಲಿದ್ದ ಸಿನಿಮಾಗಳ ಪಟ್ಟಿ ಕೈಗೆ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ.

ಆದರೂ ಮೊದಲು ಅದು ನಿಜವಾಗಿ ಹೋಗಿದೆಯಾ ನೋಡಿ. ಟಿವಿಯಲ್ಲಿ ಕಾಣಿಸದಿದ್ದರೆ ಫೋನಿನ ಬ್ರೌಸರ್‌ನಲ್ಲಿ ತೆರೆಯಿರಿ. ಹಳೇ ಸ್ಮಾರ್ಟ್ ಟಿವಿಗಳಿಗೆ ಆ್ಯಪ್ ಅಪ್‌ಡೇಟ್ ನಿಂತುಹೋಗುತ್ತದೆ, ಚಾನೆಲ್ ಮಾತ್ರ ಬೇರೆಡೆ ಆರಾಮಾಗಿ ಓಡುತ್ತಿರುತ್ತದೆ. ಬೇರೆ ದೇಶಕ್ಕೆ ಹೋದಾಗ ಕಾಣಿಸದಿದ್ದರೂ ಗಾಬರಿ ಬೇಡ, ಹಕ್ಕುಗಳನ್ನು ದೇಶದ ಲೆಕ್ಕದಲ್ಲಿ ಮಾರುತ್ತಾರೆ.

ಯೂಟ್ಯೂಬ್ ಚಾನೆಲ್ ಆಗಿದ್ದರೆ ಪರದೆಯ ಮೇಲಿನ ಸಾಲನ್ನು ಸರಿಯಾಗಿ ಓದಿ. ಕಾಪಿರೈಟ್ ದೂರು ಅಂತಿದ್ದರೆ, 90 ದಿನಗಳೊಳಗೆ ಮೂರು ಸ್ಟ್ರೈಕ್ (ಕಾಪಿರೈಟ್ ಉಲ್ಲಂಘನೆಗೆ ಯೂಟ್ಯೂಬ್ ಕೊಡುವ ಎಚ್ಚರಿಕೆ) ಬಿದ್ದಿರುವ ಸಾಧ್ಯತೆ ಜಾಸ್ತಿ. ಚಾನೆಲ್‌ನವರು ಅದಕ್ಕೆ ಎದುರು ನೋಟಿಸ್ ಕೊಡಬಹುದು. ಆಗ ದೂರು ಕೊಟ್ಟವರು 10 ಕೆಲಸದ ದಿನಗಳಲ್ಲಿ ಕೋರ್ಟಿಗೆ ಹೋಗಿದ್ದಕ್ಕೆ ದಾಖಲೆ ತೋರಿಸಬೇಕು, ಇಲ್ಲದಿದ್ದರೆ ವಿಡಿಯೋ ವಾಪಸ್ ಬರಬಹುದು. ಹಾಗಾಗಿ ಎರಡು-ಮೂರು ವಾರ ಕಾಯುವುದರಲ್ಲಿ ಅರ್ಥವಿದೆ, ಅದಕ್ಕಿಂತ ಜಾಸ್ತಿ ಕಾಯಬೇಡಿ.

ಈಗ ಪಟ್ಟಿ. ಇದೇ ಕಷ್ಟದ ಭಾಗ, ಮತ್ತು ನಿಜ ಹೇಳಬೇಕೆಂದರೆ ಮಜಾ ಇರುವ ಭಾಗವೂ ಇದೇ.

ನೀವು ಸೇವ್ ಮಾಡಿಟ್ಟ ಪ್ಲೇಲಿಸ್ಟ್‌ನಲ್ಲಿ ಅಳಿಸಿದ ವಿಡಿಯೋಗಳ ಹೆಸರು ಕಾಣಿಸುವುದಿಲ್ಲ. ಗೂಗಲ್ ಟೇಕ್‌ಔಟ್‌ನಿಂದ (ಗೂಗಲ್‌ನಲ್ಲಿರುವ ನಿಮ್ಮ ಮಾಹಿತಿ ಇಳಿಸಿಕೊಳ್ಳುವ ಸೌಲಭ್ಯ) ಪ್ಲೇಲಿಸ್ಟ್ ಇಳಿಸಿಕೊಂಡರೂ ಫೈಲಿನಲ್ಲಿ ಇರೋದು ವಿಡಿಯೋ ಐಡಿ (ಯೂಟ್ಯೂಬ್ ಲಿಂಕಿನಲ್ಲಿ v= ಆದಮೇಲೆ ಬರುವ ಗುರುತು) ಮತ್ತು ಸೇರಿಸಿದ ದಿನಾಂಕ ಅಷ್ಟೇ. ನಾನು ಅದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಆದರೆ ಆ 11 ಅಕ್ಷರಗಳ ಐಡಿಯೇ ಕೀಲಿ. ವಿಡಿಯೋದ ಪೂರ್ತಿ ಲಿಂಕನ್ನು ಹಳೇ ವೆಬ್ ಪುಟಗಳ ನಕಲು ಇಟ್ಟಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ, ಹಳೇ ದಿನಾಂಕ ಒತ್ತಿ. ವಿಡಿಯೋ ಬಹುತೇಕ ಓಡುವುದಿಲ್ಲ, ಪುಟವೂ ಅರ್ಧಂಬರ್ಧ ಬರುತ್ತದೆ, ಆದರೆ ಹೆಸರು ಬಂದರೆ ಸಾಕು ಅಲ್ವಾ? ಅಲ್ಲೂ ಇಲ್ಲದಿದ್ದರೆ ಬರೀ ಐಡಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಸರ್ಚ್ ಮಾಡಿ, ಯಾರೋ ಎಲ್ಲೋ ಆ ಲಿಂಕ್ ಜೊತೆ ಸಿನಿಮಾದ ಹೆಸರು ಬರೆದಿಟ್ಟಿರಬಹುದು. ಚಾನೆಲ್‌ನ ಮುಖಪುಟವನ್ನೂ ವೇಬ್ಯಾಕ್‌ನಲ್ಲಿ ನೋಡಿ. ಪರಿಚಯದ ಸಾಲುಗಳಲ್ಲಿ ಅವರ ಬೇರೆ ವೆಬ್‌ಸೈಟಿನ ವಿಳಾಸ ಸಿಕ್ಕರೂ ಸಿಗಬಹುದು. ಸಿಕ್ಕಿದ ಹೆಸರನ್ನೆಲ್ಲ ವರ್ಷದ ಸಮೇತ ನಿಮ್ಮದೇ ಒಂದು ಫೈಲಿನಲ್ಲಿ ಬರೆದಿಡಿ. ಒಂದೇ ಹೆಸರಿನ ಸಿನಿಮಾ ನಾಲ್ಕು ಇರುತ್ತವೆ, ವರ್ಷ ಇಲ್ಲದಿದ್ದರೆ ಆಮೇಲೆ ಪರದಾಟ.

ಪಟ್ಟಿ ಕೈಯಲ್ಲಿದ್ದರೆ ಹುಡುಕಾಟ ಸುಲಭ. ಯಾವ ಸಿನಿಮಾ ಎಲ್ಲಿ ಸಿಗುತ್ತದೆ ಅಂತ ತೋರಿಸುವ ಜಸ್ಟ್‌ವಾಚ್‌ನಲ್ಲಿ ನಿಮ್ಮ ದೇಶ ಆರಿಸಿ, ಉಚಿತ ಅನ್ನುವ ಫಿಲ್ಟರ್ ಹಾಕಿ. ಟ್ಯೂಬಿ, ಪ್ಲೂಟೊ ಟಿವಿ, ಪ್ಲೆಕ್ಸ್ ತರಹದವು ಜಾಹೀರಾತು ತೋರಿಸಿ ಪುಕ್ಕಟೆ ಕೊಡುತ್ತವೆ, ಆದರೆ ಎಲ್ಲವೂ ಎಲ್ಲ ದೇಶದಲ್ಲೂ ಇಲ್ಲ. ನಿಮ್ಮ ಲೈಬ್ರರಿ ಕನೋಪಿಗೆ (ಲೈಬ್ರರಿಗಳ ಮೂಲಕ ಸಿನಿಮಾ ತೋರಿಸುವ ಸೇವೆ) ಚಂದಾ ಕಟ್ಟಿದ್ದರೆ ಲೈಬ್ರರಿ ಕಾರ್ಡ್ ಒಂದೇ ಸಾಕು. ನನ್ನನ್ನು ಕೇಳಿದರೆ, ಸಿನಿಮಾದ ಹಕ್ಕು ಇರುವವರೋ ಅಧಿಕೃತ ಸಂಗ್ರಹಾಲಯಗಳೋ ಹಾಕಿರುವ ಜಾಗಗಳನ್ನು ಮೊದಲು ನೋಡಿ: ಕೊರಿಯನ್ ಫಿಲ್ಮ್ ಆರ್ಕೈವ್‌ನ ಮತ್ತು ರಷ್ಯಾದ ಸ್ಟುಡಿಯೋ ಮಾಸ್‌ಫಿಲ್ಮ್‌ನ ಯೂಟ್ಯೂಬ್ ಚಾನೆಲ್‌ಗಳು, ಹಳೇ ಮೂಕಿ ಚಿತ್ರಗಳನ್ನು ಆನ್‌ಲೈನ್‌ಗೆ ತಂದ ಡ್ಯಾನಿಶ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಸ್ಕ್ರೀನಿಂಗ್ ರೂಮ್. ಬೇರೆಯವರ ಒಂದು ದೂರಿಗೆ ಇವು ರಾತ್ರೋರಾತ್ರಿ ಮಾಯವಾಗುವ ಭಯ ಕಡಿಮೆ.

ಹಕ್ಕು ಮುಗಿದ ಸಿನಿಮಾಗಳ ಕಥೆ ಬೇರೆ. ಅಮೆರಿಕದಲ್ಲಿ ಹಳೇ ಸಿನಿಮಾಗಳಿಗೆ ಹೆಚ್ಚೆಂದರೆ 95 ವರ್ಷ ಕಾಪಿರೈಟ್, ಅಂದರೆ 1930ರ ಸಿನಿಮಾಗಳು 2026ರ ಜನವರಿ 1ಕ್ಕೆ ಕಾಪಿರೈಟ್‌ನಿಂದ ಮುಕ್ತ. ಅದಕ್ಕಿಂತ ಹೊಸ ಕೆಲವು ಬರೀ ಎಡವಟ್ಟಿನಿಂದ ಹೊರಬಿದ್ದಿವೆ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಹೆಸರು ಬದಲಿಸುವಾಗ ಕಾಪಿರೈಟ್ ಸಾಲನ್ನು ಹಾಕೋದೇ ಮರೆತರು, ಹಕ್ಕು ಹೋಯಿತು. ಇಂಥವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ, ಇಳಿಸಿಕೊಳ್ಳಲೂಬಹುದು. ಒಂದೇ ಸಿನಿಮಾದ ಹತ್ತು ಕಾಪಿ ಕಂಡರೆ ಮೊದಲನೆಯದನ್ನೇ ಒತ್ತಬೇಡಿ. ಫೈಲ್ ಸೈಜ್ ನೋಡಿ, ಅವಧಿ ಹೋಲಿಸಿ, ನಡುವಿನ ಒಂದು ರಾತ್ರಿ ದೃಶ್ಯ ತೆರೆದು ಮುಖಗಳು ಕಾಣುತ್ತವಾ ಅಂತ ನೋಡಿ. ಕೆಟ್ಟ ಕಾಪಿಯಲ್ಲಿ ಅಲ್ಲಿ ಬರೀ ಕಪ್ಪು ಕಾಣುತ್ತದೆ, ಮಾತು ಮಾತ್ರ ಕೇಳಿಸುತ್ತದೆ. ಒಂದು ಎಚ್ಚರಿಕೆ: ಸಿನಿಮಾದ ಹಕ್ಕು ಮುಗಿದಿದ್ದರೂ ಆಮೇಲೆ ಸೇರಿಸಿದ ಸಂಗೀತಕ್ಕೆ ಹಕ್ಕು ಇರಬಹುದು, ಬೇರೆ ದೇಶದಲ್ಲಿ ಸಿನಿಮಾಕ್ಕೇ ಇನ್ನೂ ಹಕ್ಕು ಇರಬಹುದು. ಪ್ರಾಮಾಣಿಕವಾಗಿ ನಡೆಸಿದ ಚಾನೆಲ್‌ಗಳಿಗೂ ಸ್ಟ್ರೈಕ್ ಬೀಳೋದು ಬಹಳ ಸಲ ಇದರಿಂದಲೇ.

ಇಷ್ಟಾದ ಮೇಲೂ ಏನೋ ಕಡಿಮೆ ಅನ್ನಿಸುತ್ತದೆ. ಚಾನೆಲ್‌ನಲ್ಲಿ ಇವತ್ತು ಯಾವುದು ಅಂತ ಬೇರೆಯವರು ಆರಿಸುತ್ತಿದ್ದರು, ನಾವು ಸುಮ್ನೆ ಕೂತು ನೋಡುತ್ತಿದ್ದೆವು. ಇನ್ನೂರು ಹೆಸರಿನ ಪಟ್ಟಿ ಮುಂದಿದ್ದರೆ ಆರಿಸೋದರಲ್ಲೇ ನಿದ್ದೆ ಬರುತ್ತದೆ. ಅದಕ್ಕೆ ನಾನು ಎಲ್ಲಕ್ಕೂ ನಂಬರ್ ಕೊಟ್ಟು, ಫೋನಿನಲ್ಲಿ ಒಂದು ಯಾದೃಚ್ಛಿಕ ನಂಬರ್ ತೆಗೆದು, ಬಂದದ್ದನ್ನು ನೋಡುತ್ತೇನೆ. ಇಪ್ಪತ್ತು ನಿಮಿಷ ಆಗುವ ತನಕ ಬದಲಿಸುವ ಹಾಗಿಲ್ಲ.

ಪಟ್ಟಿಯಲ್ಲಿ ಹನ್ನೊಂದು ಐಡಿಗಳಿಗೆ ಇನ್ನೂ ಹೆಸರು ಸಿಕ್ಕಿಲ್ಲ. ಅದರಲ್ಲಿ ಒಂದರ ದೃಶ್ಯ ಮಾತ್ರ ನೆನಪಿದೆ. ಒಬ್ಬ ಹೆಂಗಸು ಮಳೆಯಲ್ಲಿ ನಿಂತಿದ್ದಾಳೆ, ಕೈಯಲ್ಲಿ ಛತ್ರಿ ಇದೆ, ಬಿಚ್ಚುತ್ತಿಲ್ಲ. ತಿಂಗಳಿಗೊಮ್ಮೆ ಆ ಐಡಿಯನ್ನು ಮತ್ತೆ ಸರ್ಚ್ ಮಾಡುತ್ತೇನೆ.