ತೂತು ಬಾಟಲಿ ಮತ್ತು ಬಾಹ್ಯಾಕಾಶ ನಿಲ್ದಾಣ

ಒಂಬತ್ತನೇ ಕ್ಲಾಸಿಗೆ ಗುರುತ್ವಾಕರ್ಷಣೆ ಪಾಠ ಮಾಡುವಾಗ ನಾನು ಸೂತ್ರವನ್ನು ಆದಷ್ಟು ಹಿಂದಕ್ಕೆ ಹಾಕುತ್ತೇನೆ. ಮೊದಲು ಒಂದು ಪ್ರಶ್ನೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ಯಾಕೆ ತೇಲುತ್ತಾರೆ? "ಅಲ್ಲಿ ಗುರುತ್ವ ಇಲ್ಲ ಸರ್" ಅಂತ ಇಡೀ ಕ್ಲಾಸು ಕೂಗುತ್ತದೆ.

ಹೌದು, ಅಲ್ಲ ಏನೂ ಹೇಳದೆ ಹಗ್ಗಕ್ಕೆ ಚಾಕ್‌ಪೀಸ್ ಕಟ್ಟಿ ಬೋರ್ಡಿನ ಮೇಲೆ 32 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯುತ್ತೇನೆ. ಇದು ಭೂಮಿ. ನಿಲ್ದಾಣ ಎಲ್ಲಿದೆ, ಬಂದು ಗುರುತು ಹಾಕಿ ಅಂದರೆ ಹೆಚ್ಚಿನವರು ಬೋರ್ಡಿನ ಅಂಚಿಗೇ ಹೋಗುತ್ತಾರೆ. ಅದೇ ಅಳತೆಯಲ್ಲಿ ಅದು ಇರಬೇಕಾದ್ದು ವೃತ್ತದಿಂದ ಬರೀ 2 ಸೆಂ.ಮೀ. ಆಚೆ! ನಿಜವಾಗಿ ಸುಮಾರು 400 ಕಿ.ಮೀ., ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟು ದೂರ. ಅಲ್ಲೂ ಗುರುತ್ವ ನೆಲದ ಮೇಲಿನದರಲ್ಲಿ ನೂರಕ್ಕೆ 89ರಷ್ಟು ಇದೆ. ಹಾಗಾದರೆ ತೇಲುವುದು ಹೇಗೆ? ಈಗ ಪ್ರಶ್ನೆ ಅವರದಾಯಿತು.

ಹಗ್ಗ ಹರಿದ ಲಿಫ್ಟಿನ ಉದಾಹರಣೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದರಲ್ಲಿ ಯಾರು ಬಿದ್ದು ನೋಡಿದ್ದಾರೆ? ನಾನು ನೀರಿನ ಬಾಟಲಿ ತರುತ್ತೇನೆ. ತಳದ ಹತ್ತಿರ, ಪಕ್ಕದಲ್ಲಿ, ಕಾಯಿಸಿದ ಮೊಳೆಯಿಂದ ಒಂದು ತೂತು. ಬೆರಳಿಂದ ಮುಚ್ಚಿ ನೀರು ತುಂಬಬೇಕು. ಮುಚ್ಚಳ ಹಾಕಬಾರದು, ಹಾಕಿದರೆ ನೀರು ಸರಿಯಾಗಿ ಬರುವುದಿಲ್ಲ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಹಾಗೇ ಮೊದಲ ಮಹಡಿಯಿಂದ ಬಾಟಲಿ ಬಿಡುತ್ತೇನೆ. ಕೆಳಗೆ ಯಾರೂ ಇಲ್ಲ ಅಂತ ನೋಡಿಕೊಂಡೇ! ಬೀಳುವಷ್ಟು ಹೊತ್ತೂ ನೀರು ನಿಂತಿರುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ಮೇಲಿನ ನೀರಿನ ಭಾರ ಕೆಳಗಿನದನ್ನು ಒತ್ತಿದ್ದಕ್ಕೇ ನೀರು ಚಿಮ್ಮಿದ್ದು. ಎಲ್ಲವೂ ಒಟ್ಟಿಗೆ ಬೀಳುವಾಗ ಯಾರೂ ಯಾರನ್ನೂ ಒತ್ತುವುದಿಲ್ಲ. ಗಗನಯಾತ್ರಿ ಮತ್ತು ನಿಲ್ದಾಣದ ಕಥೆಯೂ ಇದೇ.

"ಹಾಗಾದ್ರೆ ನೆಲಕ್ಕೆ ಯಾಕೆ ಬೀಳಲ್ಲ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲಿ ನ್ಯೂಟನ್ ಕಲ್ಪಿಸಿದ ಬೆಟ್ಟದ ಮೇಲಿನ ಫಿರಂಗಿ ಬರುತ್ತದೆ. ಯಾವ ವಸ್ತುವೇ ಆಗಲಿ, ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. 8 ಕಿ.ಮೀ. ನೇರ ಹೋದರೆ ಭೂಮಿಯೂ ಗುಂಡಗಿರುವುದರಿಂದ ಸುಮಾರು 5 ಮೀಟರ್ ಕೆಳಗೆ ಸರಿದಿರುತ್ತದೆ. ಗಾಳಿಯ ಅಡ್ಡಿ ಇಲ್ಲ ಅಂದುಕೊಳ್ಳಿ. ಗುಂಡು ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಹೋದರೆ ಬೀಳುತ್ತಲೇ ಇರುತ್ತದೆ, ನೆಲ ಮಾತ್ರ ಸಿಗುವುದಿಲ್ಲ. ಈ ಎರಡು 5 ಮೀಟರ್‌ಗಳನ್ನು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸುತ್ತೇನೆ, ಒಂದು ಪೀರಿಯಡ್ ಪೂರ್ತಿ ಹೋದರೂ ಚಿಂತೆಯಿಲ್ಲ. ಎರಡನೆಯದಕ್ಕೆ ಪೈಥಾಗೊರಸ್ ಸಾಕು. ನಿಲ್ದಾಣದ ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ., ಒಂದು ಸುತ್ತಿಗೆ ಒಂದೂವರೆ ಗಂಟೆ. ಸೂತ್ರ ಬರೆಯುವುದು ಇದಾದ ಮೇಲೆ.

2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಅದನ್ನು ಹೇಳಿದ್ದೇ ತಡ, ಒಬ್ಬಳು ಕೇಳಿದಳು: "ಬೇರು ಯಾವ ಕಡೆ ಹೋಗುತ್ತೆ ಸರ್?" ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಕಣಗಳು ತಳಕ್ಕೆ ಕೂರುತ್ತವೆ, ಬೇರಿಗೆ 'ಕೆಳಗೆ' ಗೊತ್ತಾಗುವುದು ಅದರಿಂದಲೇ. ಅಲ್ಲಿ ಆ ಕಣಗಳೂ ಕೋಶದ ಜೊತೆಗೇ ಬೀಳುತ್ತಿರುತ್ತವೆ, ತಳಕ್ಕೆ ಕೂರುವುದಿಲ್ಲ. ಬೇರು ಬೆಳಕು, ತೇವದಂಥ ಬೇರೆ ಸುಳಿವು ಹುಡುಕಬೇಕು. ಇಷ್ಟನ್ನು ನಾನು ಹೇಳಬೇಕಾಗಲಿಲ್ಲ. ಪಿಷ್ಟದ ಕಣ ಅಂದ ಕೂಡಲೇ ಉಳಿದದ್ದನ್ನು ಅವಳೇ ಬಾಟಲಿ ತೋರಿಸಿ ವಿವರಿಸಿದಳು.